ಹಲ್ಲುಚಕ್ರದೊಳಗಿನ ಬುದ್ಧಿ

2100ನೇ ಇಸವಿಯ ಫೆಬ್ರವರಿ 28 ಭಾನುವಾರ ಬೀಳುತ್ತದೆ. ಆ ರಾತ್ರಿ ಹನ್ನೆರಡು ಕಳೆದಾಗ ‘ಪರ್ಪೆಚುವಲ್ ಕ್ಯಾಲೆಂಡರ್’ ಎಂದು ಕರೆಸಿಕೊಳ್ಳುವ ದುಬಾರಿ ಕೈಗಡಿಯಾರಗಳಲ್ಲಿ ಬಹುಪಾಲು ಮಾರ್ಚ್ 1ರ ಬದಲು ಫೆಬ್ರವರಿ 29 ಎಂದು ತೋರಿಸುತ್ತವೆ. ನಾಲ್ಕು ವರ್ಷಕ್ಕೊಮ್ಮೆ ಅಧಿಕ ವರ್ಷ ಬರುತ್ತದೆ ಎಂಬ ನಿಯಮ ಅವುಗಳಿಗೆ ಗೊತ್ತು. ನೂರರಿಂದ ಭಾಗವಾಗಿಯೂ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ ಎಂಬ ಎರಡನೆಯ ನಿಯಮ ಗೊತ್ತಿಲ್ಲ. ಆ ದಿನ ಯಾರಾದರೂ ಕೈಯಾರೆ ತಾರೀಖನ್ನು ಒಂದು ಮನೆ ಮುಂದಕ್ಕೆ ತಳ್ಳಬೇಕು. ಇವತ್ತು ಆ ಗಡಿಯಾರ ಕೊಳ್ಳುವ ನಡುವಯಸ್ಸಿನವರು ಆ ಹೊತ್ತಿಗೆ ಇರುವುದಿಲ್ಲ. ತಯಾರಿಸಿದವರು ಈ ಸಂಗತಿಯನ್ನು ಮುಚ್ಚಿಡುವುದಿಲ್ಲ. ಕೊಳ್ಳುವವರೂ ಅದನ್ನು ಕೊರತೆ ಎಂದು ಎಣಿಸುವುದಿಲ್ಲ.

ಇಂಥ ವಸ್ತುವಿಗೆ ಜನ ಲಕ್ಷಗಟ್ಟಲೆ, ಕೆಲವೊಮ್ಮೆ ಕೋಟಿಗಟ್ಟಲೆ ಹಣ ಸುರಿಯುವುದೇಕೆ? ಈ ಪ್ರಶ್ನೆಗೆ ಎರಡು ಉತ್ತರಗಳು ಸಿದ್ಧವಾಗಿವೆ. ಒಂದು, ಇದು ಶ್ರೀಮಂತಿಕೆಯ ಪ್ರದರ್ಶನ. ಇನ್ನೊಂದು, ಇದು ಚಿನ್ನದಂತೆ ಒಂದು ಹೂಡಿಕೆ. ಎರಡೂ ಎಷ್ಟೋ ಜನರ ಮಟ್ಟಿಗೆ ನಿಜ. ಆದರೆ ತೋರಿಕೆಗೆ ವಜ್ರದ ಉಂಗುರ ಸಾಕು, ಹೂಡಿಕೆಗೆ ಸೈಟು ಸಾಕು. ನೂರಾರು ಚಿಕ್ಕ ಚಿಕ್ಕ ಬಿಡಿಭಾಗಗಳನ್ನು ಒಂದು ರೂಪಾಯಿ ನಾಣ್ಯದಗಲಕ್ಕಿಂತ ಸ್ವಲ್ಪವೇ ದೊಡ್ಡ ಜಾಗದಲ್ಲಿ ಜೋಡಿಸಿದ ಯಂತ್ರವೇ ಏಕೆ ಬೇಕು ಎಂಬುದಕ್ಕೆ ಇವೆರಡೂ ಉತ್ತರವಾಗುವುದಿಲ್ಲ. ನನ್ನ ವಾದ ಹೀಗಿದೆ: ಸಂಕೀರ್ಣ ಯಾಂತ್ರಿಕ ಗಡಿಯಾರದ ಮೇಲಿನ ಆಸೆ ಗೌರವಕ್ಕೆ ಅರ್ಹವಾದದ್ದು. ಆದರೆ ಆ ಗೌರವ ಬರುವುದು ಅದರೊಳಗಿನ ಕೆಲಸವನ್ನು ತಿಳಿದುಕೊಳ್ಳುವುದರಿಂದ. ಬೆಲೆ ತೆತ್ತ ಮಾತ್ರಕ್ಕೆ ಅದು ಸಿಗುವುದಿಲ್ಲ.

ಒಳಗೇನಿದೆ ಎಂದು ಮೊದಲು ನೋಡೋಣ. ಗಂಟೆ, ನಿಮಿಷ, ಸೆಕೆಂಡು ತೋರಿಸುವುದನ್ನು ಬಿಟ್ಟು ಗಡಿಯಾರ ಬೇರೇನು ಮಾಡಿದರೂ ಆ ವೃತ್ತಿಯವರು ಅದನ್ನು ‘ಕಾಂಪ್ಲಿಕೇಶನ್’ ಎನ್ನುತ್ತಾರೆ. ಪರ್ಪೆಚುವಲ್ ಕ್ಯಾಲೆಂಡರ್ ಅವುಗಳಲ್ಲಿ ಹಳೆಯದೊಂದು. 18ನೇ ಶತಮಾನದಲ್ಲೇ ಇಂಗ್ಲೆಂಡಿನ ಥಾಮಸ್ ಮಜ್ ಅದನ್ನು ಜೇಬುಗಡಿಯಾರದಲ್ಲಿ ಕೂರಿಸಿದ್ದ. ಜಿನೀವಾದ ಪಟೆಕ್ ಫಿಲಿಪ್ ಕಂಪನಿ 1925ರಲ್ಲಿ ಅದನ್ನು ಕೈಗಡಿಯಾರಕ್ಕೆ ತಂದಿತು. ಸಾಮಾನ್ಯವಾಗಿ ಅದರ ರಚನೆ ಹೀಗೆ: ಡಯಲ್ಲಿನ ಕೆಳಗೆ ನಾಲ್ಕು ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುವ ಬಿಲ್ಲೆಯೊಂದಿರುತ್ತದೆ. ಅದರ ಅಂಚಿನಲ್ಲಿ 48 ತಿಂಗಳುಗಳಿಗೆ 48 ಜಾಗ. 31 ದಿನದ ತಿಂಗಳಿನ ಜಾಗ ಅಂಚಿನ ಮಟ್ಟದಲ್ಲೇ ಇರುತ್ತದೆ. 30 ದಿನದ ತಿಂಗಳಿಗೆ ಸ್ವಲ್ಪ ತಗ್ಗು. ಫೆಬ್ರವರಿಗೆ ಆಳವಾದ ತಗ್ಗು. ನಾಲ್ಕರಲ್ಲಿ ಒಂದು ಫೆಬ್ರವರಿಯ ತಗ್ಗು ಮಾತ್ರ ಉಳಿದ ಮೂರಕ್ಕಿಂತ ತುಸುವೇ ಕಡಿಮೆ ಆಳ. ಒಂದು ಲಿವರಿನ ಮೂತಿ ಈ ಅಂಚನ್ನು ಸದಾ ತಡವುತ್ತಿರುತ್ತದೆ. ಮೂತಿ ಎಷ್ಟು ಕೆಳಗಿಳಿಯಿತು ಎಂಬುದರ ಮೇಲೆ, ತಿಂಗಳ ಕೊನೆಯ ರಾತ್ರಿ 31 ಹಲ್ಲಿನ ತಾರೀಖಿನ ಚಕ್ರ ಒಂದು ಹಲ್ಲು ದಾಟಬೇಕೋ, ಎರಡೋ, ಮೂರೋ, ನಾಲ್ಕೋ ಎಂಬುದು ತೀರ್ಮಾನವಾಗುತ್ತದೆ. ವಿದ್ಯುತ್ತಿಲ್ಲ, ಚಿಪ್ ಇಲ್ಲ. ಕೀ ಕೊಟ್ಟ ಸ್ಪ್ರಿಂಗಿನ ಬಲ ಒಂದನ್ನೇ ನಂಬಿಕೊಂಡು ಲೋಹದ ತುಂಡು ಅಧಿಕ ವರ್ಷದ ಲೆಕ್ಕ ಹಾಕುತ್ತದೆ.

ಚಂದ್ರನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಸಾಮಾನ್ಯ ಗಡಿಯಾರದಲ್ಲಿ ಎರಡು ಚಂದ್ರರ ಚಿತ್ರವಿರುವ ಬಿಲ್ಲೆಗೆ 59 ಹಲ್ಲು ಕೊಟ್ಟು, ದಿನಕ್ಕೊಂದು ಹಲ್ಲು ಸರಿಯುವಂತೆ ಮಾಡುತ್ತಾರೆ. ಅಂದರೆ ಒಂದು ಚಾಂದ್ರಮಾಸಕ್ಕೆ 29.5 ದಿನವಾಯಿತು. ಉಳಿಯುವ ವ್ಯತ್ಯಾಸ ತಿಂಗಳಿಗೆ ಸುಮಾರು 44 ನಿಮಿಷ. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಗಡಿಯಾರದ ಚಂದ್ರ ಆಕಾಶದ ಚಂದ್ರನಿಗಿಂತ ಒಂದು ದಿನದಷ್ಟು ತಪ್ಪಿರುತ್ತಾನೆ. ಇದನ್ನು ಸಹಿಸದ ಕುಶಲಿಗಳು 135 ಹಲ್ಲಿನ ಚಕ್ರ ಕೊರೆದು ಆ ತಪ್ಪನ್ನು 122 ವರ್ಷಕ್ಕೆ ಒಂದು ದಿನಕ್ಕಿಳಿಸಿದರು. 2024ರಲ್ಲಿ ಐಡಬ್ಲ್ಯುಸಿ ಕಂಪನಿ ಹೊರತಂದ ಗಡಿಯಾರವೊಂದರ ಚಂದ್ರ ಒಂದು ದಿನ ತಪ್ಪಲು ನಾಲ್ಕೂವರೆ ಕೋಟಿ ವರ್ಷ ಬೇಕು. ಅದೇ ಗಡಿಯಾರದಲ್ಲಿ ನಾನೂರು ವರ್ಷಕ್ಕೊಮ್ಮೆ ಸುತ್ತುವ ಚಕ್ರವೊಂದಿದ್ದು, ಅದು 2100ರ ಫೆಬ್ರವರಿಯನ್ನೂ ಸರಿಯಾಗಿ ದಾಟುತ್ತದೆ.

ಸೂರ್ಯ ಚಂದ್ರರ ಗತಿ ಒಂದಕ್ಕೊಂದು ಸರಿಯಾಗಿ ಭಾಗವಾಗುವುದಿಲ್ಲ. ಈ ತೊಡಕನ್ನು ನಮ್ಮ ಪಂಚಾಂಗಕರ್ತರು ಅಧಿಕ ಮಾಸ, ಕ್ಷಯ ತಿಥಿಗಳ ಮೂಲಕ ಶತಮಾನಗಳಿಂದ ಬಿಡಿಸುತ್ತ ಬಂದಿದ್ದಾರೆ. ಅವರು ಕಾಗದದ ಮೇಲೆ ಸಂಖ್ಯೆಗಳಲ್ಲಿ ಬಿಡಿಸಿದ್ದನ್ನು ಗಡಿಯಾರದವರು ಹಲ್ಲುಗಳ ಎಣಿಕೆಯಲ್ಲಿ ಬಿಡಿಸಿದರು. ಪಂಚಾಂಗದ ಗಣಿತಕ್ಕೆ ತಲೆಬಾಗುವ ಮನಸ್ಸು ಈ ಚಕ್ರಗಳಿಗೂ ತಲೆಬಾಗಬೇಕು.

ಇನ್ನೊಂದು ಕಾಂಪ್ಲಿಕೇಶನ್ ಮಿನಿಟ್ ರಿಪೀಟರ್. ಕೇಸಿನ ಪಕ್ಕದ ಒಂದು ಜಾರುಗುಂಡಿಯನ್ನು ಸರಿಸಿದರೆ ಗಡಿಯಾರ ಆ ಕ್ಷಣದ ವೇಳೆಯನ್ನು ಬಾರಿಸಿ ಹೇಳುತ್ತದೆ. ಗಂಟೆಗಳಿಗೆ ತಗ್ಗಿದ ಸ್ವರ, ಕಾಲುಗಂಟೆಗಳಿಗೆ ಜೋಡಿ ಸ್ವರ, ಉಳಿದ ನಿಮಿಷಗಳಿಗೆ ಏರಿದ ಸ್ವರ. 12 ಗಂಟೆ 59 ನಿಮಿಷಕ್ಕೆ ಅತಿ ದೀರ್ಘ ನಾದ: ಹನ್ನೆರಡು ಗಂಟೆ, ಮೂರು ಕಾಲು, ಹದಿನಾಲ್ಕು ನಿಮಿಷ. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಮೊದಲ ರಿಪೀಟರ್ ಗಡಿಯಾರಗಳು ಹುಟ್ಟಿದಾಗ ರಾತ್ರಿ ದೀಪ ಹೊತ್ತಿಸದೆ ವೇಳೆ ತಿಳಿಯುವುದು ನಿಜವಾದ ಅಗತ್ಯವಾಗಿತ್ತು. ಇವತ್ತು ಆ ಅಗತ್ಯವಿಲ್ಲ. ಆದರೆ ಮೂವ್‌ಮೆಂಟಿನ (ಗಡಿಯಾರದ ಒಳಯಂತ್ರದ) ಸುತ್ತ ಬಳಸಿದ ಉಕ್ಕಿನ ತಂತಿಗಳ ಮೇಲೆ ಪುಟ್ಟ ಸುತ್ತಿಗೆಗಳು ಬಡಿದಾಗ ಹೊರಡುವ ನಾದ ಶುದ್ಧವಾಗಿದೆಯೇ ಎಂಬುದನ್ನು ಇಂದಿಗೂ ಕೊನೆಗೆ ತೀರ್ಮಾನಿಸುವುದು ಮನುಷ್ಯನ ಕಿವಿ. ಪಟೆಕ್ ಫಿಲಿಪ್‌ನಲ್ಲಿ ಕಂಪನಿಯ ಅಧ್ಯಕ್ಷ ಥಿಯೆರಿ ಸ್ಟರ್ನ್ ಪ್ರತಿಯೊಂದು ರಿಪೀಟರನ್ನೂ ಸ್ವತಃ ಕೇಳಿ ಒಪ್ಪಿದ ಮೇಲೆಯೇ ಅದು ಹೊರಹೋಗುವುದು. ಒಪ್ಪದಿದ್ದರೆ ಅದು ಕಾರ್ಯಾಗಾರಕ್ಕೆ ವಾಪಸು.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಉಪಯೋಗದ ಪ್ರಶ್ನೆ. 1969ರ ಡಿಸೆಂಬರ್ 25ರಂದು ಜಪಾನಿನ ಸೈಕೋ ಕಂಪನಿ ಆಸ್ಟ್ರಾನ್ ಎಂಬ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರುಕಟ್ಟೆಗೆ ಬಿಟ್ಟಿತು. ಇಂದಿನ ಸಾಮಾನ್ಯ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಒಳ್ಳೆಯ ಯಾಂತ್ರಿಕ ಗಡಿಯಾರದ ಲಯ ಹಿಡಿಯುವ ಬ್ಯಾಲೆನ್ಸ್ ವೀಲ್ ಸಾಮಾನ್ಯವಾಗಿ ಸೆಕೆಂಡಿಗೆ ಎಂಟು ಸಲ ಬಡಿಯುತ್ತದೆ. ಸ್ವಿಟ್ಜರ್ಲೆಂಡಿನ ಅಧಿಕೃತ ಕ್ರೋನೋಮೀಟರ್ ಪರೀಕ್ಷೆ ಪಾಸಾದ ಯಾಂತ್ರಿಕ ಗಡಿಯಾರ ಕೂಡ ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ ಬೀಳಬಹುದು, ಆರು ಸೆಕೆಂಡು ಮುಂದೆ ಓಡಬಹುದು. ಅಗ್ಗದ ಕ್ವಾರ್ಟ್ಜ್ ತಿಂಗಳಿಗೆ ತಪ್ಪುವಷ್ಟನ್ನು ಅದು ಕೆಲವೇ ದಿನಗಳಲ್ಲಿ ತಪ್ಪುತ್ತದೆ. ಕೆಲವು ಸಾವಿರ ರೂಪಾಯಿಯ ಕ್ಯಾಸಿಯೊ ಕೂಡ 2099ರವರೆಗಿನ ತಾರೀಖನ್ನು ತಾನಾಗಿಯೇ ಸರಿಯಾಗಿ ತೋರಿಸುತ್ತದೆ. ಉಪಯೋಗವೊಂದೇ ಅಳತೆಗೋಲಾದರೆ ವಾದ ಅಲ್ಲಿಗೆ ಮುಗಿಯಿತು, ಯಾಂತ್ರಿಕ ಗಡಿಯಾರ ಸೋತಿತು.

ಮಾರುಕಟ್ಟೆಯಲ್ಲಿ ಅದು ಸೋತೂ ಇತ್ತು. 1970ರಲ್ಲಿ ಸ್ವಿಸ್ ಗಡಿಯಾರ ಉದ್ಯಮದಲ್ಲಿ ಸುಮಾರು 90,000 ಜನ ದುಡಿಯುತ್ತಿದ್ದರು. 1980ರ ದಶಕದ ನಡುವಿಗೆ ಉಳಿದವರು ಸುಮಾರು ಮೂರನೆಯ ಒಂದು ಪಾಲು. ಆ ಕಾಲದ ಒಂದು ಘಟನೆ ನನಗೆ ಇಡೀ ವಾದದ ತಿರುಳಿನಂತೆ ಕಾಣುತ್ತದೆ. ಲ ಲೋಕ್ಲ ಪಟ್ಟಣದ ಝೆನಿತ್ ಕಾರ್ಖಾನೆ ಅಮೆರಿಕದ ಕಂಪನಿಯೊಂದರ ಕೈಗೆ ಹೋಗಿತ್ತು. 1975ರಲ್ಲಿ ಅಲ್ಲಿಂದ ಆದೇಶ ಬಂತು: ಯಾಂತ್ರಿಕ ಗಡಿಯಾರ ನಿಲ್ಲಿಸಿ, ಉಪಕರಣಗಳನ್ನು ಗುಜರಿಗೆ ಹಾಕಿ. ಎಲ್ ಪ್ರಿಮೆರೊ ಎಂಬ ಪ್ರಸಿದ್ಧ ಕ್ರೋನೋಗ್ರಾಫ್ (ಸ್ಟಾಪ್‌ವಾಚ್ ಇರುವ ಗಡಿಯಾರ) ತಯಾರಿಸುತ್ತಿದ್ದ ಶಾರ್ಲ್ ವೆರ್ಮೋ ಎಂಬ ನೌಕರ ಆ ಮಾತು ಕೇಳಲಿಲ್ಲ. ಅಚ್ಚುಗಳನ್ನೂ ಉಪಕರಣಗಳನ್ನೂ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟ. ಯಾವುದನ್ನು ಹೇಗೆ ಬಳಸಬೇಕೆಂದು ಬರೆದಿಟ್ಟ. 1984ರಲ್ಲಿ ಆ ಗಡಿಯಾರಕ್ಕೆ ಮತ್ತೆ ಬೇಡಿಕೆ ಬಂದಾಗ ಎಲ್ಲವೂ ಅಟ್ಟದಿಂದ ಕೆಳಗಿಳಿಯಿತು. 1988ರಿಂದ ರೋಲೆಕ್ಸ್ ತನ್ನ ಡೇಟೋನಾ ಗಡಿಯಾರಕ್ಕೆ ಅದೇ ಯಂತ್ರವನ್ನು ಆಧಾರವಾಗಿ ಬಳಸಿತು. ವೆರ್ಮೋ ಉಳಿಸಿದ್ದು ಕೈಯಿಂದ ಕೈಗೆ ಬಂದ ಒಂದು ವಿದ್ಯೆಯನ್ನು. ಒಮ್ಮೆ ಕಡಿದುಹೋಗಿದ್ದರೆ ಅದನ್ನು ಹಣ ಕೊಟ್ಟು ತರಲಾಗುತ್ತಿರಲಿಲ್ಲ. 2020ರಲ್ಲಿ ಯುನೆಸ್ಕೊ ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸಿನ ಯಾಂತ್ರಿಕ ಗಡಿಯಾರ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಾನ್ಯ ಮಾಡಿದ್ದು ಇದನ್ನೇ.

ಹಾಗಾಗಿ ಉಪಯೋಗದ ಆಕ್ಷೇಪಣೆಗೆ ನನ್ನ ಉತ್ತರ ನೇರವಾದದ್ದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಬಂದು ದಶಕಗಳಾದವು. ಅದು ಶ್ರುತಿ ತಪ್ಪುವುದಿಲ್ಲ, ತೂಕವಿಲ್ಲ, ಬೆಲೆಯೂ ಕಡಿಮೆ. ಆದರೂ ಸಂಗೀತಗಾರರು ತಂಬೂರಿಯನ್ನು ಬಿಟ್ಟಿಲ್ಲ, ಬಿಟ್ಟಿಲ್ಲವೆಂದು ಅವರನ್ನು ಯಾರೂ ಆಕ್ಷೇಪಿಸುವುದೂ ಇಲ್ಲ. ಕೆಲಸ ಮುಗಿದ ಮೇಲೂ ಮನುಷ್ಯ ಕೆಲವು ವಸ್ತುಗಳನ್ನು ಅವುಗಳಲ್ಲಿರುವ ವಿದ್ಯೆಗಾಗಿಯೇ ಉಳಿಸಿಕೊಳ್ಳುತ್ತಾನೆ. ಹಾಗೆ ಉಳಿಸಿಕೊಳ್ಳುವುದು ನಾಗರಿಕತೆಯ ಲಕ್ಷಣ.

ಆದರೆ ಈ ಉತ್ತರವನ್ನು ಮಾರಾಟಗಾರರು ದುರುಪಯೋಗ ಮಾಡಿಕೊಳ್ಳಲು ಬಿಡಬಾರದು. ಟೂರ್ಬಿಯೋನ್ ಎಂಬ ರಚನೆಯನ್ನೇ ನೋಡಿ. ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಪ್ಯಾರಿಸ್ಸಿನಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಜೇಬಿನಲ್ಲಿ ದಿನವಿಡೀ ನೆಟ್ಟಗೆ ನಿಲ್ಲುವ ಗಡಿಯಾರದ ಬ್ಯಾಲೆನ್ಸ್ ವೀಲನ್ನು ಭೂಮಿಯ ಗುರುತ್ವ ಒಂದೇ ದಿಕ್ಕಿಗೆ ಎಳೆಯುತ್ತದೆ. ಅದರಿಂದಾಗುವ ತಪ್ಪನ್ನು ಸರಿದೂಗಿಸಲು ಆ ಭಾಗವನ್ನೆಲ್ಲ ಒಂದು ಪಂಜರದಲ್ಲಿಟ್ಟು ತಿರುಗಿಸುವುದು ಅವನ ಉಪಾಯ. ಅದ್ಭುತ ಉಪಾಯವೇ. ಆದರೆ ಕೈಗಡಿಯಾರ ಕೈಯೊಂದಿಗೆ ಎಲ್ಲ ದಿಕ್ಕಿಗೂ ಹೊರಳುತ್ತಿರುತ್ತದೆ. ಅಲ್ಲಿ ಟೂರ್ಬಿಯೋನ್‌ನಿಂದಾಗುವ ಲಾಭ ಅಲ್ಪ. ಇವತ್ತು ಅದನ್ನು ನಿಖರತೆಯ ಹೆಸರಿನಲ್ಲಿ ಮಾರುವುದು ಸತ್ಯಕ್ಕೆ ದೂರ. ಅದರ ಸೊಬಗಿಗೆ, ಅದನ್ನು ಜೋಡಿಸಿದ ಕೈಚಳಕಕ್ಕೆ ಬೆಲೆ ಕಟ್ಟಿದರೆ ಅದು ಪ್ರಾಮಾಣಿಕ ವ್ಯವಹಾರ.

ಎರಡನೆಯ ಆಕ್ಷೇಪಣೆ ತೋರಿಕೆಯದು. ಕರ್ನಾಟಕದಲ್ಲಿ ದುಬಾರಿ ವಾಚು ಎಂದೊಡನೆ ನೆನಪಾಗುವುದು 2016ರ ಗದ್ದಲ. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಹ್ಯೂಬ್ಲೊ ವಾಚಿನ ಬಗ್ಗೆ ಪ್ರತಿಪಕ್ಷಗಳು ಪ್ರಶ್ನೆ ಎತ್ತಿದವು. ಅದು ಸ್ನೇಹಿತರು ಕೊಟ್ಟ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿದರು, ವಾಚು ಸರ್ಕಾರದ ಸ್ವತ್ತಾಯಿತು. ಸಾರ್ವಜನಿಕ ಹುದ್ದೆಯಲ್ಲಿದ್ದವರ ಉಡುಗೊರೆಗಳನ್ನು ಪ್ರಶ್ನಿಸುವುದು ಸರಿಯೇ, ಪ್ರಶ್ನಿಸಲೇಬೇಕು. ನನ್ನನ್ನು ಕಾಡಿದ್ದು ಬೇರೆ. ಅಷ್ಟೂ ದಿನಗಳ ಚರ್ಚೆಯಲ್ಲಿ ನಾವು ಆಡಿದ್ದು ಬೆಲೆಯ ಮಾತು, ವಜ್ರದ ಮಾತು. ಗಡಿಯಾರ ಒಂದು ಯಂತ್ರ, ಅದಕ್ಕೊಂದು ಒಳಭಾಗವಿದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ತೋರಿಸುವವರೂ ಟೀಕಿಸುವವರೂ ಒಂದೇ ಅಳತೆಗೋಲು ಹಿಡಿದಿದ್ದರು.

ಬೆಲೆಯನ್ನು ಬಿಡಿಸಿ ನೋಡುವುದನ್ನು ಕಲಿತರೆ ಈ ಮಂಕು ಹರಿಯುತ್ತದೆ. ದುಬಾರಿ ಗಡಿಯಾರದ ಬೆಲೆಯಲ್ಲಿ ಮೂರು ಪಾಲುಗಳಿವೆ: ಕೈಕೆಲಸದ್ದು ಒಂದು, ಹೆಸರಿನದೊಂದು, ಬೇಕೆಂದೇ ಹುಟ್ಟಿಸಿದ ಅಭಾವದ್ದೊಂದು. 2016ರಲ್ಲಿ ಫ್ರೆಡರಿಕ್ ಕಾನ್‌ಸ್ಟಂಟ್ ಎಂಬ ಸ್ವಿಸ್ ಕಂಪನಿ ಹತ್ತು ಸಾವಿರ ಫ್ರಾಂಕಿಗಿಂತ ಕಡಿಮೆ ಬೆಲೆಗೆ ಪರ್ಪೆಚುವಲ್ ಕ್ಯಾಲೆಂಡರ್ ಕೊಟ್ಟು ತೋರಿಸಿತು. ಹೆಸರಾಂತ ಕಂಪನಿಗಳು ಅದೇ ಕೆಲಸದ ಗಡಿಯಾರಕ್ಕೆ ಅದರ ಎಷ್ಟೋ ಪಟ್ಟು ಕೇಳುತ್ತವೆ. ಆ ಹೆಚ್ಚಿನ ಹಣದಲ್ಲಿ ಕೈಕೆಲಸಕ್ಕೆ ಎಷ್ಟು ಸಂದಿತು ಎಂದು ಕಂಡುಕೊಳ್ಳುವುದು ಕಷ್ಟವಲ್ಲ. ಬಲವಾದ ಭೂತಗನ್ನಡಿ ಹಿಡಿದು ಮೂವ್‌ಮೆಂಟಿನ ಚಕ್ರಗಳನ್ನು ಹಿಡಿದಿಡುವ ಲೋಹದ ‘ಸೇತುವೆ’ಗಳ ಅಂಚನ್ನು ನೋಡಬೇಕು. ಅಂಚನ್ನು ಓರೆಯಾಗಿ ಉಜ್ಜಿ ಕನ್ನಡಿಯ ಹೊಳಪು ಕೊಟ್ಟಿರುತ್ತಾರೆ. ಅಂಚು ಹೊರಕ್ಕೆ ತಿರುಗುವ ಕಡೆ ಯಂತ್ರವೂ ಆ ಕೆಲಸ ಮಾಡುತ್ತದೆ. ಒಳಕ್ಕೆ ತಿರುಗಿ ಎರಡು ಓರೆಗಳು ಚೂಪಾಗಿ ಸೇರುವ ಮೂಲೆಯಲ್ಲಿ ಗುಂಡಗೆ ತಿರುಗುವ ಕಟ್ಟರ್ ಸೋಲುತ್ತದೆ. ಅಲ್ಲಿ ಅರ, ಮರದ ಕಡ್ಡಿ, ವಜ್ರದ ಪುಡಿ ಮತ್ತು ಗಂಟೆಗಟ್ಟಲೆಯ ತಾಳ್ಮೆಯೇ ಬೇಕು. ಸ್ವಿಟ್ಜರ್ಲೆಂಡಿನ ಝೂ ಕಣಿವೆಯ ಗಡಿಯಾರ ಕುಶಲಿ ಫಿಲಿಪ್ ದ್ಯುಫೂರ್ ಜೆಂಶನ್ ಎಂಬ ಬೆಟ್ಟದ ಗಿಡದ ಒಣ ದಂಟಿನಿಂದ ಹೀಗೆ ಉಜ್ಜಿ ಲೋಕವಿಖ್ಯಾತರಾದರು. ಅಂಥ ಚೂಪು ಒಳಮೂಲೆ ಕಂಡರೆ ಕೊಟ್ಟ ಹಣದಲ್ಲಿ ಒಂದು ಭಾಗ ಒಬ್ಬ ಕುಶಲಿಯ ಬದುಕಿಗೆ ಹೋಗಿದೆ ಎನ್ನಬಹುದು. ಕಾಣದಿದ್ದರೆ ಹೆಚ್ಚಿನದು ಜಾಹೀರಾತಿಗೆ ಹೋಗಿದೆ.

ಮೂರನೆಯದು ಹೂಡಿಕೆಯ ಮಾತು. 2019ರ ನವೆಂಬರಿನಲ್ಲಿ ಜಿನೀವಾದ ಧರ್ಮಾರ್ಥ ಹರಾಜೊಂದರಲ್ಲಿ ಪಟೆಕ್ ಫಿಲಿಪ್‌ನ ಒಂದು ಗ್ರ್ಯಾಂಡ್‌ಮಾಸ್ಟರ್ ಚೈಮ್ 3.1 ಕೋಟಿ ಸ್ವಿಸ್ ಫ್ರಾಂಕಿಗೆ ಹೋಯಿತು. ಇಂಥ ಸುದ್ದಿ ಓದಿದವರು ಗಡಿಯಾರ ಕೊಂಡು, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಲಾಕರಿನಲ್ಲಿಡುತ್ತಾರೆ. ಇದು ಆ ವಸ್ತುವಿಗೆ ಬಗೆಯುವ ದ್ರೋಹ ಎಂದೇ ನಾನು ತಿಳಿಯುತ್ತೇನೆ. ವರ್ಷಗಳು ಕಳೆದಂತೆ ಒಳಗಿನ ಎಣ್ಣೆ ಗಟ್ಟಿಯಾಗುತ್ತದೆ. ನಿಂತ ಪರ್ಪೆಚುವಲ್ ಕ್ಯಾಲೆಂಡರಿಗೆ ಇವತ್ತಿನ ದಿನವೂ ಗೊತ್ತಿರುವುದಿಲ್ಲ, 2100ರ ಮಾತು ದೂರ. ಓಡುವುದಕ್ಕೆಂದೇ ಹುಟ್ಟಿದ ಯಂತ್ರವನ್ನು ಓಡಲು ಬಿಡದವರು ಅದರ ಯಜಮಾನರಾದರೂ ಅದರ ಸುಖಕ್ಕೆ ಹಕ್ಕುದಾರರಲ್ಲ.

ನಾಲ್ಕನೆಯ ಆಕ್ಷೇಪಣೆ ಎಲ್ಲಕ್ಕಿಂತ ಗಂಭೀರವಾದದ್ದು. ಮಗುವಿನ ಶಾಲೆಯ ಫೀಸಿಗೆ ತಾಯಿ ಓಲೆ ಅಡವಿಡುವ ನಾಡಿನಲ್ಲಿ ಒಂದು ಮಣಿಕಟ್ಟಿನ ಮೇಲೆ ಒಂದು ಮನೆಯ ಬೆಲೆ ಕೂರುವುದು ಸರಿಯೇ? ಕುಶಲಿಗಳಿಗೆ ಕೂಲಿ ಸಿಗುತ್ತದೆ ಎಂಬ ಉತ್ತರ ನಿಜವಾದರೂ ಸಾಲದು. ಇದು ಭೋಗದ ವಸ್ತು, ಅದನ್ನು ಬೇರೆ ಹೆಸರಿನಿಂದ ಕರೆಯಬೇಕಾಗಿಲ್ಲ. ಭಾರತಕ್ಕೂ ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಕೂಟಕ್ಕೂ ನಡುವೆ 2024ರಲ್ಲಿ ಸಹಿಯಾದ ವ್ಯಾಪಾರ ಒಪ್ಪಂದದಿಂದ ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ಹಂತಹಂತವಾಗಿ ಇಳಿಯುತ್ತಿದೆ. ನಮ್ಮ ಪೇಟೆಗಳಲ್ಲಿ ಇವು ಇನ್ನೂ ಹೆಚ್ಚು ಕಾಣಿಸಲಿವೆ, ಆದ್ದರಿಂದ ಈ ಪ್ರಶ್ನೆ ಇನ್ನೂ ಹೆಚ್ಚು ಕೇಳಿಬರಬೇಕು. ಕೊಳ್ಳುವವರು ತೆರಿಗೆಯಲ್ಲಿ, ಕೊಡುಗೆಯಲ್ಲಿ, ತಮ್ಮ ಕೆಲಸಗಾರರ ಸಂಬಳದಲ್ಲಿ ಮೊದಲು ಋಣಮುಕ್ತರಾಗಲಿ. ಹಾಗಾದವರ ಆಸೆಯನ್ನು ಹಳಿಯುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ನಾಲ್ಕೈದು ವರ್ಷಕ್ಕೆ ಮೂಲೆ ಸೇರುವ ಮೊಬೈಲಿನಂತೆ ಇದು ಕಸವಾಗುವುದಿಲ್ಲ. ನೂರು ವರ್ಷ ಹಳೆಯ ಒಳ್ಳೆಯ ಗಡಿಯಾರದ ಸವೆದ ಭಾಗವನ್ನು ಕುಶಲಿಯೊಬ್ಬ ಕೈಯಾರೆ ಹೊಸದಾಗಿ ಮಾಡಿ ಮತ್ತೆ ಓಡಿಸಬಲ್ಲ. ರಿಪೇರಿಯನ್ನೇ ಮರೆಯುತ್ತಿರುವ ಕಾಲದಲ್ಲಿ ಇದು ಸಣ್ಣ ಗುಣವಲ್ಲ.

ಕೊನೆಗೊಂದು ಮಾತು ನಮ್ಮದೇ ಊರಿನದು. ಬೆಂಗಳೂರಿನ ಎಚ್ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡತೊಡಗಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ಜನತಾ, ಪೈಲಟ್, ಕಾಂಚನ್‌ಗಳಲ್ಲಿ ಪರ್ಪೆಚುವಲ್ ಕ್ಯಾಲೆಂಡರ್ ಇರಲಿಲ್ಲ, ರಿಪೀಟರ್ ಇರಲಿಲ್ಲ. ಆದರೆ ಹೇರ್‌ಸ್ಪ್ರಿಂಗ್, ಬ್ಯಾಲೆನ್ಸ್ ವೀಲ್, ಹಲ್ಲುಚಕ್ರಗಳ ಮೂಲವಿದ್ಯೆ ಇತ್ತು, ಅದು ಸಾಮಾನ್ಯ ಗುಮಾಸ್ತರ, ಮೇಷ್ಟರ ಕೈಗೆಟಕುವ ಬೆಲೆಯಲ್ಲಿತ್ತು. ಆ ನೆಲೆಯ ಮೇಲೆ ನಾವು ಇಂಥ ದೊಡ್ಡ ಕಾಂಪ್ಲಿಕೇಶನ್‌ಗಳನ್ನು ಕಟ್ಟಬಹುದಿತ್ತು, ಕಟ್ಟಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್ಎಂಟಿಯ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ವಿದ್ಯೆಯನ್ನು ಉಳಿಸಿಕೊಳ್ಳಲು ಸ್ವಿಸ್ಸರಿಗೆ ಸಾಧ್ಯವಾದದ್ದು ಅದಕ್ಕೆ ಬೆಲೆ ಕೊಡುವ ತಿಳಿವಳಿಕೆಯ ಗಿರಾಕಿಗಳು ಇದ್ದುದರಿಂದ. ನಮ್ಮಲ್ಲಿ ಬೆಲೆ ಕೇಳುವವರಿದ್ದರು, ಒಳಗೇನಿದೆ ಎಂದು ಕೇಳುವವರು ಸಾಲದೆ ಹೋದರು.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಎರಡು. ದುಬಾರಿ ಗಡಿಯಾರ ಕೊಳ್ಳಬಲ್ಲವರು ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಹಿಂಬದಿಯ ಗಾಜಿನಿಂದ ಒಳಗೆ ನೋಡಿ, ಇದು ಹೇಗೆ ನಡೆಯುತ್ತದೆ ಎಂದು ವಿವರವಾಗಿ ಕೇಳಿ. ವಿವರಿಸಲಾಗದವರಿಂದ ಕೊಳ್ಳಬೇಡಿ. ಕೊಂಡರೆ ಕಟ್ಟಿಕೊಳ್ಳಿ, ಕಾಲಕಾಲಕ್ಕೆ ಎಣ್ಣೆ ಹಾಕಿಸಿ, ಮಕ್ಕಳಿಗೆ ಅದರ ಲೆಕ್ಕ ಕಲಿಸಿ. ಕೊಳ್ಳಲಾಗದವರು, ಅಂದರೆ ನಮ್ಮಲ್ಲಿ ಬಹುತೇಕರು, ಮನೆಯ ಬೀರುವಿನಲ್ಲಿ ಕೀ ಕೊಡುವ ಎಚ್ಎಂಟಿ ಇದ್ದರೆ ಅದನ್ನು ಬಡಾವಣೆಯ ವಾಚ್ ರಿಪೇರಿಯವರ ಬಳಿ ಕೊಂಡೊಯ್ದು ಎದುರಿಗೇ ಬಿಚ್ಚಿಸಿ ನೋಡಿ, ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಆ ವಿದ್ಯೆ ಬಲ್ಲವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ಅವರಿಗೆ ಕೆಲಸ ಸಿಗುತ್ತಿರುವವರೆಗೆ ಮಾತ್ರ ಇರುತ್ತಾರೆ.